ಮೊದಲು ಗೂಡು, ಆಮೇಲೆ ಮೊಲ

ಮೊಲ ಸಾಕಬೇಕು ಅನ್ನುವವರು ಮೊದಲು ಕೇಳುವುದು 'ಜೊತೆಗೆ ಎಷ್ಟು ರೂಪಾಯಿ?' ಎಂದು. ನಾನೂ ಹಾಗೇ ಕೇಳಿದ್ದೆ. ಗೂಡಿನ ಬಗ್ಗೆ ಕೇಳಲೇ ಇಲ್ಲ. ಮೊಲ ಮಾರಿದವರೇ ಗೂಡನ್ನೂ ಕೊಟ್ಟರು. ಕಬ್ಬಿಣದ ಪಟ್ಟಿಗೆ ಜಾಲರಿ ಬೆಸುಗೆ ಹಾಕಿದ ಮೂರಂತಸ್ತಿನ ಗೂಡು, ಆರು ಕೋಣೆ. ಹಸಿರು ಬಣ್ಣ ಹೊಡೆದು ಲಕಲಕ ಅನ್ನುತ್ತಿತ್ತು. ನಾಲ್ಕು ಹೆಣ್ಣು, ಒಂದು ಗಂಡು. ಟೆಂಪೋದಲ್ಲಿ ತಂದು ಕೊಟ್ಟಿಗೆ ಪಕ್ಕದಲ್ಲಿ ತಗಡಿನ ಇಳಿಮಾಡಿನ ಕೆಳಗೆ ಗೋಡೆಗೆ ಒತ್ತಿ ನಿಲ್ಲಿಸಿದೆವು. ಮಳೆ ಬೀಳುವುದಿಲ್ಲ, ಬಿಸಿಲು ಬೀಳುವುದಿಲ್ಲ, ಇನ್ನೇನು ಬೇಕು ಅಂದುಕೊಂಡೆ.

2022ರ ಯುಗಾದಿ ಕಳೆದು ಹದಿನೈದು ದಿನ ಆಗಿರಬೇಕು. ಮಧ್ಯಾಹ್ನ ಹೊಲದಿಂದ ಬಂದು ಉಣ್ಣಲು ಕೂತಿದ್ದೆ. ಮೊಮ್ಮಗಳು ಓಡಿಬಂದು "ಅಜ್ಜಾ, ಮೇಲಿನ ಮೊಲ ಬಾಯಿ ತಕ್ಕಂಡು ಮಲಗೈತೆ, ಕರೆದ್ರೂ ಏಳಲ್ಲ" ಅಂದಳು. ಹೋಗಿ ನೋಡಿದರೆ ಮೇಲಿನ ಅಂತಸ್ತಿನ ಎರಡೂ ಹೆಣ್ಣು ಉದ್ದಕ್ಕೆ ಚಾಚಿ ಬಿದ್ದಿದ್ದವು. ಕಿವಿ ಕೆಂಪಗೆ, ಬಾಯಿಂದ ಜೊಲ್ಲು. ಒಂದು ಆಗಲೇ ಹೋಗಿತ್ತು. ಇನ್ನೊಂದು ಗಬ್ಬದ್ದು, ಕೈಯಲ್ಲಿ ಎತ್ತಿಕೊಂಡಾಗ ಒಂದೆರಡು ಸಲ ಉಸಿರಾಡಿ ನಿಂತಿತು. ಮಾರನೆ ದಿನ ನಡುವಿನ ಅಂತಸ್ತಿನ ಗಂಡು ಸತ್ತಿತು. ಕೆಳಗಿನ ಎರಡು ಉಳಿದವು.

ಏನೋ ರೋಗ ಬಂತು ಅಂದುಕೊಂಡು ಸತ್ತ ಗಂಡನ್ನು ಚೀಲದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ನೋಡಿ, "ಗೂಡು ಎಲ್ಲಿ ಇಟ್ಟಿದ್ದೀರಿ?" ಅಂತ ಕೇಳಿದರು. ಹೇಳಿದೆ. "ಇದಕ್ಕೆ ಔಷಧಿ ನನ್ನ ಹತ್ತಿರ ಇಲ್ಲ, ನಿಮ್ಮ ಸೂರಿನಲ್ಲಿದೆ" ಅಂದರು. ಮೊಲಕ್ಕೆ 25 ಡಿಗ್ರಿವರೆಗೆ ಸುಖ, 30 ದಾಟಿದರೆ ಕಷ್ಟ, 35 ದಾಟಿದರೆ ಜೀವಕ್ಕೇ ಅಪಾಯ ಅಂತ ಅವರು ಹೇಳಿದ್ದನ್ನು ಬರೆದುಕೊಂಡು ಬಂದೆ. ಗೋಡೆಗೆ ತೂಗುಹಾಕುವ ಒಂದು ಥರ್ಮಾಮೀಟರು ತಂದು ಮೇಲಿನ ಕೋಣೆಯಲ್ಲಿ ನೇತುಹಾಕಿದೆ. ಮಧ್ಯಾಹ್ನ ಎರಡು ಗಂಟೆಗೆ 41 ತೋರಿಸಿತು. ಅದೇ ಹೊತ್ತಿಗೆ ಮನೆ ಮುಂದಿನ ಹೊಂಗೆ ಮರದ ಕೆಳಗೆ 34. ಒಂದೇ ಹಿತ್ತಲು, ಇಪ್ಪತ್ತು ಮಾರು ದೂರ. ಆ ಏಳು ಡಿಗ್ರಿಯಲ್ಲಿ ನನ್ನ ಮೂರು ಮೊಲ ಹೋಗಿದ್ದವು.

ಬಿಲದ ಪ್ರಾಣಿಯನ್ನು ಅಟ್ಟದ ಮೇಲೆ ಕೂರಿಸಿದ್ದೆ

ನಮ್ಮ ಅಜ್ಜಂಪುರದ ಅಮೃತಮಹಲ್ ದನ ಕಾವಲಿನಲ್ಲಿ ಬಿಸಿಲು ಮಳೆ ಎರಡನ್ನೂ ಮೈಮೇಲೆ ಹಾಕಿಕೊಂಡೇ ಬೆಳೆದ ತಳಿ. ಕುರಿಯೂ ಅಷ್ಟೆ, ಮಧ್ಯಾಹ್ನ ಒಂದರ ಹೊಟ್ಟೆ ಕೆಳಗೆ ಒಂದು ತಲೆ ತೂರಿಸಿ ನಿಂತು ಕಾಲ ತಳ್ಳುತ್ತದೆ. ಇವನ್ನು ನೋಡಿ ನೋಡಿ ನಮಗೆ ಪ್ರಾಣಿ ಅಂದರೆ ಬಿಸಿಲು ತಡೆಯುತ್ತದೆ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಸಾಕುವ ಮೊಲ ನಮ್ಮ ಸೀಮೆಯದಲ್ಲ. ಇದರ ಮೂಲ ಯೂರೋಪಿನ ಸ್ಪೇನ್ ಕಡೆಯ ಕಾಡುಮೊಲ. ಅದು ನೆಲದಲ್ಲಿ ಬಿಲ ತೋಡಿ ಹಗಲೆಲ್ಲ ತಂಪಿನಲ್ಲಿದ್ದು ಸಂಜೆ ಮುಂಜಾನೆ ಹೊರಗೆ ಬಂದು ಮೇಯುವಂಥದು. ಬೆವರಿ ಮೈ ತಂಪು ಮಾಡಿಕೊಳ್ಳುವುದು ಇದಕ್ಕೆ ಬಾರದು. ಉಸಿರಿನಿಂದ ಮತ್ತು ಉದ್ದ ಕಿವಿಯಿಂದ ಕಾವು ಹೊರಹಾಕಬೇಕು. ಸುತ್ತಲ ಗಾಳಿಯೇ ಕಾದಿದ್ದರೆ ಕಿವಿ ಏನು ಮಾಡೀತು?

ಹೊಲದಲ್ಲಿ ನಾವು ನೋಡುವ ಮೊಲವೇ ಬೇರೆ. ಅದು ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲಿ ತಗ್ಗು ಮಾಡಿಕೊಂಡು ಕೂರುತ್ತದೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ಬಿಟ್ಟಿರುತ್ತವೆ. ಸಾಕು ಮೊಲದ ಮರಿಗೆ ಕೂದಲೂ ಇಲ್ಲ, ಕಣ್ಣೂ ಇಲ್ಲ, ಕೆಂಪು ಮಾಂಸದ ತುಂಡಿನ ಹಾಗೆ ಇರುತ್ತದೆ. ಈ ಒಂದು ವ್ಯತ್ಯಾಸದಿಂದಲೇ ಗೂಡಿನೊಳಗೆ ಇನ್ನೊಂದು ಪೆಟ್ಟಿಗೆ ಬೇಕಾಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ. ಕೆಲವರು ಹೊಲದ ಮೊಲವನ್ನೇ ಹಿಡಿದು ತಂದು ಮಕ್ಕಳಿಗೆ ಆಡಲು ಕೊಡುತ್ತಾರೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅಪರಾಧ ಅಲ್ಲದಿದ್ದರೂ ಗೂಡಿನಲ್ಲಿ ಅದು ಬದುಕುವುದಿಲ್ಲ, ಜಾಲರಿಗೆ ಹಾರಿ ಹಾರಿ ಮೂತಿ ಒಡೆದುಕೊಂಡು ಸಾಯುತ್ತದೆ.

ಬಿಲದ ವಿಷಯ ಬಂದಾಗ ಒಂದು ಮಾತು. ನಮ್ಮ ಹೊಲದ ಬದುವಿನಲ್ಲಿ ದೊಡ್ಡ ಕಣ್ಣಿನ, ಬಾಲದ ತುದಿಗೆ ಕುಚ್ಚು ಇರುವ ಕಂದು ಇಲಿ ಇದೆಯಲ್ಲ, ರಾತ್ರಿ ಟಾರ್ಚು ಬಿಟ್ಟರೆ ಕುಪ್ಪಳಿಸಿ ಓಡುವಂಥದು. ಅದರ ದಾಯಾದಿಯೊಂದು ಮಂಗೋಲಿಯಾ ದೇಶದ್ದು, ಜರ್ಬಿಲ್ ಅಂತ ಹೆಸರು. ಹೊರದೇಶಗಳಲ್ಲಿ ಅದನ್ನು ಮನೆಯೊಳಗೆ ಮುದ್ದಿಗೆ ಸಾಕುತ್ತಾರೆ. ಸಾಕುವವರು ಗಾಜಿನ ತೊಟ್ಟಿಯಲ್ಲಿ ಒಂದು ಅಡಿ ದಪ್ಪ ಕಾಗದದ ಚೂರು, ಒಣಹುಲ್ಲು ತುಂಬುತ್ತಾರೆ, ಅದರಲ್ಲಿ ಅದು ಸುರಂಗ ತೋಡಿಕೊಂಡು ಇರುತ್ತದೆ. ಪ್ಲಾಸ್ಟಿಕ್ ಡಬ್ಬಿಯಾದರೆ ಕಡಿದು ಹೊರಗೆ ಬರುತ್ತದೆ. ಮೇಲೆ ಜಾಲರಿ ಮುಚ್ಚಳ ಇಲ್ಲದಿದ್ದರೆ ಹಾರುತ್ತದೆ. ಒಂಟಿಯಾಗಿ ಇಟ್ಟರೆ ಸೊರಗುತ್ತದೆ. ಇದನ್ನು ಮಗನ ಬಾಯಲ್ಲಿ ಕೇಳಿದಾಗ ನಗು ಬಂತು, ನಾವು ವಿಷ ಇಟ್ಟು ಕೊಲ್ಲುವ ಇಲಿಯ ನೆಂಟನಿಗೆ ಅವರು ಮನೆ ಕಟ್ಟಿಕೊಡುತ್ತಾರಲ್ಲ ಅಂತ. ಆದರೆ ಯೋಚನೆ ಮಾಡಿದರೆ ಅವರು ಮಾಡಿದ್ದು ಸರಿ. ಆ ಪ್ರಾಣಿ ತನ್ನ ನೆಲದಲ್ಲಿ ಹೇಗಿತ್ತು ಎಂದು ನೋಡಿ ಮನೆ ಮಾಡಿದ್ದಾರೆ. ನಾನು ಮಾರುವವನ ಅಂಗಡಿಯಲ್ಲಿ ಹೇಗಿತ್ತು ಎಂದು ನೋಡಿದ್ದೆ.

ಮೂರಂತಸ್ತಿನ ಗೂಡು ಯಾಕೆ ಬೇಡ

ಜಾಗ ಉಳಿಯುತ್ತದೆ ಅನ್ನುವುದು ಬಿಟ್ಟರೆ ಅದರಲ್ಲಿ ಗುಣ ಕಾಣಲಿಲ್ಲ. ಮೇಲಿನ ಅಂತಸ್ತು ತಗಡಿಗೆ ಹತ್ತಿರ, ಅಲ್ಲಿ ಕಾವು ಜಾಸ್ತಿ. ಕೆಳಗಿನದಕ್ಕೆ ಮೇಲಿನವುಗಳ ಗಂಜಲ. ನಡುವೆ ತಟ್ಟೆ ಇಟ್ಟಿರುತ್ತಾರೆ ನಿಜ, ದಿನಕ್ಕೆರಡು ಸಲ ಆ ತಟ್ಟೆ ಎಳೆದು ತೊಳೆಯುವವರು ಯಾರು? ಒಂದು ದಿನ ಬಿಟ್ಟರೆ ಗಂಜಲ ಕೊಳೆತು ಘಾಟು ಏಳುತ್ತದೆ. ಮೊಲದ ಮೂಗು ಬಹಳ ಸೂಕ್ಷ್ಮ. ಆ ಘಾಟಿಗೆ ಮೂಗು ಸುರಿಯಲು ಸುರುವಾಗಿ ಮುಂಗಾಲಿನಲ್ಲಿ ಒರೆಸಿ ಒರೆಸಿ ಕಾಲಿನ ಕೂದಲು ಅಂಟಂಟಾಗುತ್ತದೆ. ಮೂಗಿನ ಒಳಪದರ ಕೆಟ್ಟ ಮೇಲೆ ನೆಗಡಿಯ ರೋಗಾಣು ಸುಲಭವಾಗಿ ಪುಪ್ಪುಸಕ್ಕೆ ಇಳಿಯುತ್ತದೆ. ಉಳಿದ ಎರಡರಲ್ಲಿ ಒಂದಕ್ಕೆ ಹೀಗೆ ಆಗಿ ವಾಸಿಯಾಗಲು ತಿಂಗಳು ಹಿಡಿಯಿತು.

ಇದಕ್ಕೆ ನಾನು ಒಂದು ಪರೀಕ್ಷೆ ಮಾಡಿಕೊಂಡಿದ್ದೇನೆ. ಬೆಳಗ್ಗೆ ಎದ್ದ ಕೂಡಲೆ, ಗುಡಿಸುವ ಮೊದಲು, ಗೂಡಿನ ಮುಂದೆ ಬಗ್ಗಿ ಮೊಲದ ಮೂಗು ಎಷ್ಟು ಎತ್ತರಕ್ಕಿದೆಯೋ ಅಷ್ಟಕ್ಕೆ ನನ್ನ ಮೂಗು ಇಟ್ಟು ಎಂಟು ಹತ್ತು ಸಲ ಉಸಿರಾಡುತ್ತೇನೆ. ಕಣ್ಣು ಚುರುಗುಟ್ಟಿದರೆ ಗಾಳಿ ಸಾಲದು ಅಂತ ಲೆಕ್ಕ. ನಿಂತುಕೊಂಡು ಮೂಸಿದರೆ ಗೊತ್ತಾಗುವುದಿಲ್ಲ. ನನ್ನ ಹೆಂಡತಿ ಇದನ್ನು ನೋಡಿ "ಮೊಲಕ್ಕೆ ನಮಸ್ಕಾರ ಹಾಕ್ತಾ ಇದೀರ" ಅಂತ ಛೇಡಿಸುತ್ತಾಳೆ. ಹಾಕಿದರೆ ತಪ್ಪೇನು.

ಹಸಿರು ಬಣ್ಣದ ಮಾತು ಮರೆತೆ. ಮೊಲದ ಹಲ್ಲು ಬೆಳೆಯುತ್ತಲೇ ಇರುತ್ತದೆ, ಅದು ಸವೆಸಲು ಏನಾದರೂ ಕಡಿಯುತ್ತಲೇ ಇರಬೇಕು. ಬಣ್ಣ ಹೊಡೆದ ಕಂಬಿ, ಔಷಧಿ ಬಳಿದ ಮರ, ಲಂಟಾನದ ಕೋಲು ಇವು ಯಾವುವೂ ಅದರ ಬಾಯಿಗೆ ಸಿಗುವ ಕಡೆ ಇರಬಾರದು. ಲಂಟಾನ ತಿಂದ ದನದ ಗತಿ ನಮಗೆ ಗೊತ್ತೇ ಇದೆ.

ಈರುಳ್ಳಿ ಶೆಡ್ಡಿನಿಂದ ಬಂದ ಉಪಾಯ

ಅಜ್ಜಂಪುರ ಸುತ್ತಿನವರಿಗೆ ಈರುಳ್ಳಿ ಶೆಡ್ಡು ಗೊತ್ತು. ನೆಲದಿಂದ ಮೇಲೆ ಎತ್ತಿ ದಬ್ಬೆಯ ತಳ ಹಾಕಿ, ಕೆಳಗಿಂದಲೂ ಪಕ್ಕದಿಂದಲೂ ಗಾಳಿ ಆಡುವ ಹಾಗೆ ಕಟ್ಟುತ್ತೇವೆ. ಮೇಲೆ ತಣ್ಣಗಿನ ಸೂರು. ಹಸಿ ಕಾವು ಒಳಗೆ ನಿಂತರೆ ಈರುಳ್ಳಿ ಕೊಳೆಯುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನದೂ ಒಂದು ಹಳೆಯ ಶೆಡ್ಡು ಇತ್ತು, ಎರಡು ವರ್ಷದಿಂದ ಈರುಳ್ಳಿ ಹಾಕಿರಲಿಲ್ಲ, ಖಾಲಿ ಬಿದ್ದಿತ್ತು. ಒಂದು ದಿನ ಬಿಸಿಲಿಗೆ ಬಂದು ಅದರ ನೆರಳಿನಲ್ಲಿ ಕೂತಾಗ ಮೈಗೆ ತಣ್ಣಗಾಯಿತು. ಈರುಳ್ಳಿಗೆ ಕಟ್ಟಿದಷ್ಟು ಬುದ್ಧಿ ಖರ್ಚು ಮಾಡಿ ಮೊಲಕ್ಕೆ ಕಟ್ಟಲಿಲ್ಲವಲ್ಲ ಅನ್ನಿಸಿತು. (ಶೆಡ್ಡು ಮಾತ್ರ ಈರುಳ್ಳಿಯದು. ಈರುಳ್ಳಿಯನ್ನಾಗಲಿ ಅದರ ಸೊಪ್ಪನ್ನಾಗಲಿ ಮೊಲಕ್ಕೆ ಹಾಕಬೇಡಿ, ರಕ್ತ ಕೆಡುತ್ತದೆ.)

ಆ ಶೆಡ್ಡು ಪೂರ್ವ ಪಶ್ಚಿಮ ಉದ್ದಕ್ಕಿದೆ. ಹಾಗಿದ್ದರೆ ಬೆಳಗಿನ ಬಿಸಿಲು, ಸಂಜೆಯ ಬಿಸಿಲು ಬೀಳುವುದು ಕಿರಿದಾದ ತುದಿಗಳಿಗೆ ಮಾತ್ರ. ನಡುಮಧ್ಯಾಹ್ನದ ಬಿಸಿಲನ್ನು ಸೂರು ತಡೆಯುತ್ತದೆ. ಪಶ್ಚಿಮದ ತುದಿಗೆ ಮಣ್ಣಿನ ಇಟ್ಟಿಗೆಯಿಂದ ಪೂರ್ತಿ ಗೋಡೆ ಎಬ್ಬಿಸಿದೆ. ಇಳಿಹೊತ್ತಿನ ಬಿಸಿಲೂ ಆಷಾಢದ ಪಡುವಣ ಗಾಳಿಯೂ ಆ ಕಡೆಯಿಂದಲೇ ಬರುವುದು. ಉತ್ತರ ದಕ್ಷಿಣಕ್ಕೆ ಮೊಣಕಾಲೆತ್ತರ ಗೋಡೆ, ಅದರ ಮೇಲೆ ಸೂರಿನವರೆಗೆ ಜಾಲರಿ.

ಸೂರಿಗೆ ಹಳೆಯ ತಗಡೇ ಇತ್ತು, ತೆಗೆದುಹಾಕಲು ಮನಸ್ಸು ಬರಲಿಲ್ಲ. ಒಂಬತ್ತು ಅಡಿಗೆ ಏರಿಸಿ ಅದರ ಮೇಲೆ ಹೆಣೆದ ತೆಂಗಿನ ಗರಿ ಎರಡು ಪದರ ಹಾಸಿ ಗಾಳಿಗೆ ಹಾರದ ಹಾಗೆ ಕಟ್ಟಿದೆ. ತಗಡು ಮಳೆ ತಡೆಯುತ್ತದೆ, ಗರಿ ಬಿಸಿಲು ತಡೆಯುತ್ತದೆ. ಬರೀ ಗರಿ ಆದರೆ ಎರಡು ವರ್ಷಕ್ಕೆ ಸೋರುತ್ತದೆ, ಬರೀ ತಗಡಿನ ಕಥೆ ಆಗಲೇ ಹೇಳಿದೆ. ಮಂಗಳೂರು ಹಂಚು ಇದ್ದವರಿಗೆ ಈ ತಾಪತ್ರಯ ಇಲ್ಲ. ಈಗ ಏಪ್ರಿಲ್ ಮಧ್ಯಾಹ್ನ ಎರಡಕ್ಕೆ ಗೂಡಿನೊಳಗೆ 33, ಕೆಟ್ಟ ದಿನ 34. ಇದೂ ಮೊಲಕ್ಕೆ ಹಿತವಲ್ಲ, ಸಾಯುವುದಿಲ್ಲ ಅಷ್ಟೆ. ಆ ದಿನಗಳಲ್ಲಿ ಗಾಳಿ ಬರುವ ಕಡೆ ಗೋಣಿತಾಟು ಇಳಿಬಿಟ್ಟು ನೀರು ಚಿಮುಕಿಸುತ್ತೇವೆ. ಗೂಡಿಗೊಂದು ನೆನೆಸಿದ ಮಣ್ಣಿನ ಮಡಕೆ ಮಗುಚಿ ಇಡುತ್ತೇವೆ, ಮೊಲ ಅದಕ್ಕೆ ಮೈ ಒತ್ತಿ ಮಲಗುತ್ತದೆ. ಬಾಯಿ ತೆರೆದು ತೇಕಲು ಸುರು ಮಾಡಿದರೆ ಕಿವಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಮೈಮೇಲೆ ಕೊಡ ಬಗ್ಗಿಸಿ ತಣ್ಣೀರು ಸುರಿಯಬಾರದು. ಬೇಸಿಗೆಯಲ್ಲಿ ಗಂಡಿನ ಬೀಜಶಕ್ತಿಯೂ ಕುಗ್ಗುತ್ತದೆ. ಹಾಗಾಗಿ ಮಾರ್ಚಿಯಿಂದ ಮೇ ತನಕ ನಾನು ಜೊತೆ ಬಿಡುವುದಿಲ್ಲ. ಗಬ್ಬದ ಮೊಲವನ್ನು ಕಳೆದುಕೊಂಡ ಮೇಲೆ ಆ ಆಸೆಯನ್ನೇ ಬಿಟ್ಟೆ.

ತಮಿಳುನಾಡಿನ ಕೊಡೈಕೆನಾಲ್ ಹತ್ತಿರ ಮನ್ನವನೂರಿನಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಶಾಖೆಯಿದೆ. ವೈಟ್ ಜೈಂಟ್, ಸೋವಿಯತ್ ಚಿಂಚಿಲ್ಲಾ ಮೊದಲಾದ ಮೊಲದ ತಳಿಗಳನ್ನು ಅಲ್ಲಿ ಸಾಕುತ್ತಾರೆ. ಅದು ತಂಪು ಗುಡ್ಡ. ಅಲ್ಲಿಯ ಗೂಡಿನ ಫೋಟೋ ನೋಡಿ ಕಡೂರಿನ ಬಯಲಲ್ಲಿ ಅದೇ ಥರ ಕಟ್ಟಿದರೆ ಮೊಲ ಉಳಿಯುವುದಿಲ್ಲ. ಅಷ್ಟು ದೂರ ಯಾಕೆ, ನಮ್ಮ ಅಕ್ಕನನ್ನು ಕೊಟ್ಟಿರುವುದು ತರೀಕೆರೆ ಕಡೆಗೆ, ಭಾವನದು ಅಡಿಕೆ ತೋಟ. ನನ್ನ ಗೂಡು ನೋಡಿ ಹೋಗಿ ಅವರೂ ತೋಟದ ನೆರಳಿನಲ್ಲಿ ಹೀಗೇ ಒಂದು ಕಟ್ಟಿದರು. ಮಳೆಗಾಲದಲ್ಲಿ ಅಲ್ಲಿ ಬಿಸಿಲೇ ಇಲ್ಲ, ನೆಲ ಒದ್ದೆ, ಸೊಳ್ಳೆ. ಮೊಲಗಳಿಗೆ ಮೂತಿ, ಕಿವಿ, ಪಾದಕ್ಕೆಲ್ಲ ಕಜ್ಜಿ ಹತ್ತಿತು. ನಮ್ಮ ಕಡೆ ನೆರಳು ಹುಡುಕಬೇಕು, ಅವರ ಕಡೆ ಒಣ ಜಾಗ ಹುಡುಕಬೇಕು. ಆಮೇಲೆ ಭಾವ ಗೂಡನ್ನು ತೋಟದಿಂದ ತೆಗೆದು ಅಡಿಕೆ ಒಣಗಿಸುವ ಅಂಗಳದ ಪಕ್ಕ, ಬೆಳಗಿನ ಬಿಸಿಲು ಒಂದು ಗಳಿಗೆ ಬೀಳುವ ಕಡೆ ಇಟ್ಟ ಮೇಲೆ, ಡಾಕ್ಟರು ಇಂಜೆಕ್ಷನ್ನೂ ಕೊಟ್ಟ ಮೇಲೆ ಕಜ್ಜಿ ಹೋಯಿತು.

ತಳ ಹೇಗಿರಬೇಕು

ಒಂದು ದೊಡ್ಡ ಮೊಲಕ್ಕೆ ಎರಡೂವರೆ ಅಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ ಕೋಣೆ ಕನಿಷ್ಠ. ಮರಿ ಹಾಕುವ ಹೆಣ್ಣಿಗೆ ಮೂರಡಿ ಉದ್ದ ಬೇಕು. ಮೊಲ ಹಿಂಗಾಲ ಮೇಲೆ ನಿಂತು ಕಿವಿ ನೆಟ್ಟಗೆ ಮಾಡಿದರೆ ತಾಗಬಾರದು ಅಂತ ಇನ್ನೂ ಅರ್ಧ ಅಡಿ ಎತ್ತರಿಸಿದರೆ ಒಳ್ಳೆಯದೇ. ನಾನು ಹಾಗೆ ಮಾಡಿದ್ದೇನೆ, ಜಾಲರಿ ಸ್ವಲ್ಪ ಜಾಸ್ತಿ ಹೋಯಿತು. ಬೆಳೆದ ಗಂಡುಗಳನ್ನು ಒಟ್ಟಿಗೆ ಬಿಡಲೇಬಾರದು, ಬೀಜವನ್ನೇ ಕಚ್ಚಿ ಹರಿಯುತ್ತವೆ. ಮರಿಗಳನ್ನು ಮೂರು ತಿಂಗಳಿಗೆ ಮೊದಲೇ ಗಂಡು ಹೆಣ್ಣು ನೋಡಿ ಬೇರೆ ಮಾಡಬೇಕು.

ತಳದ ವಿಷಯದಲ್ಲಿ ನಾನು ಮೂರು ಸಲ ಕೈ ಸುಟ್ಟುಕೊಂಡೆ. ಮೊದಲನೆಯದು ಬರೀ ಜಾಲರಿ. ಅರ್ಧ ಇಂಚು ಒಂದು ಇಂಚಿನ ಕಣ್ಣು, ಹಿಕ್ಕೆ ಚೆನ್ನಾಗಿ ಉದುರುತ್ತದೆ, ತೊಳೆಯುವುದು ಸುಲಭ. ಆದರೆ ಮೊಲದ ಪಾದಕ್ಕೆ ನಾಯಿ ಬೆಕ್ಕಿನ ಹಾಗೆ ಮೆತ್ತೆ ಇಲ್ಲ, ಬರೀ ಕೂದಲು. ಮೂರು ನಾಲ್ಕು ಕಿಲೋ ತೂಗುವ ಮೊಲ ದಿನವೆಲ್ಲ ಕಂಬಿಯ ಮೇಲೆ ಕೂತರೆ ಹಿಂಗಾಲಿನ ಕೂದಲು ಸವೆದು ಹುಣ್ಣಾಗುತ್ತದೆ. ಎರಡನೆಯದು ಬರೀ ಅಡಿಕೆ ದಬ್ಬೆ, ಅರ್ಧ ಇಂಚು ಸಂದು ಬಿಟ್ಟು ಹೊಡೆದದ್ದು. ಕಾಲಿಗೆ ಸುಖ, ಆದರೆ ದಬ್ಬೆ ಗಂಜಲ ಹೀರಿ ನಾರುತ್ತದೆ, ಸಂದಿನಲ್ಲಿ ಹಿಕ್ಕೆ ಸಿಕ್ಕಿಕೊಳ್ಳುತ್ತದೆ. ಆ ಹಿಕ್ಕೆ ಒದ್ದೆಯಾಗಿ ಉಳಿದರೆ ಮರಿಗಳಿಗೆ ರಕ್ತಭೇದಿ. ಮೂರನೆಯದು ಸಿಮೆಂಟಿನ ನೆಲದ ಮೇಲೆ ಹುಲ್ಲು ಹಾಸಿ ಬಿಟ್ಟದ್ದು. ದಿನಾ ಹುಲ್ಲು ಬದಲಿಸುವುದಕ್ಕೆ ನಮ್ಮ ಮನೆಯಲ್ಲಿ ಜನ ಇಲ್ಲ.

ಈಗ ಜಾಲರಿಯ ತಳಕ್ಕೆ ಅರ್ಧ ಭಾಗದ ಮೇಲೆ ದಬ್ಬೆಯ ಒಂದು ಸಣ್ಣ ಹಲಗೆ, ಎತ್ತಿ ತೆಗೆಯುವ ಹಾಗೆ. ಮೊಲ ಒಂದು ಮೂಲೆಯಲ್ಲೇ ಗಂಜಲ ಮಾಡುತ್ತದೆ, ಎರಡು ದಿನ ನೋಡಿದರೆ ಯಾವ ಮೂಲೆ ಅಂತ ಗೊತ್ತಾಗುತ್ತದೆ. ಆ ಕಡೆ ಜಾಲರಿ ಬಿಟ್ಟು ಈ ಕಡೆ ದಬ್ಬೆ ಇಟ್ಟರೆ ಕೂರಲು ಮಲಗಲು ದಬ್ಬೆಗೆ ಬರುತ್ತದೆ. ಪ್ರತಿ ಗೂಡಿಗೂ ಎರಡೆರಡು ಹಲಗೆ ಮಾಡಿದ್ದೇನೆ. ಒಂದು ಗೂಡಿನಲ್ಲಿ, ಇನ್ನೊಂದು ತೊಳೆದು ಬಿಸಿಲಿನಲ್ಲಿ. ದಬ್ಬೆಯನ್ನು ಭಾವನ ಮನೆಯಿಂದ ತಂದೆ. ಐದು ಗೂಡಿಗೆ ಜಾಲರಿ, ಮೊಳೆ, ಚಿಲಕ, ಹಿಂಜು ಎಲ್ಲ ಸೇರಿ 6 ಸಾವಿರದ ಒಳಗೆ ಮುಗಿಯಿತು. ಮಾರಿದವರ ಹಸಿರು ಗೂಡಿಗೆ ಕೊಟ್ಟದ್ದು ಇದಕ್ಕಿಂತ ಹೆಚ್ಚು.

ಗೂಡಿನ ತಳ ನೆಲದಿಂದ ಮೂರಡಿ ಮೇಲಿದೆ. ಕೆಳಗೆ ನೆಲಕ್ಕೆ ಇಳಿಜಾರು ಕೊಟ್ಟು ಗಂಜಲ ಒಂದು ಕಾಲುವೆಯಲ್ಲಿ ಹೊರಗೆ ಹೋಗಿ ತೆಂಗಿನ ಬುಡ ಸೇರುತ್ತದೆ. ಹಿಕ್ಕೆಯನ್ನು ದಿನಾ ಗುಡಿಸಿ ಗುಂಡಿಗೆ ಹಾಕುತ್ತೇವೆ, ಗೊಬ್ಬರ ಚೆನ್ನಾಗಿದೆ. ಕೆಲವರು ಗೂಡಿನ ಕೆಳಗೇ ಕೋಳಿ ಬಿಡುತ್ತಾರೆ, ಉದುರಿದ ಕಾಳು ತಿಂದುಕೊಳ್ಳಲಿ ಅಂತ. ನನಗೆ ಅದು ಸರಿ ಕಾಣಲಿಲ್ಲ. ಧೂಳು, ಹೇನು, ಕೋಳಿಯ ಗದ್ದಲ ಮೂರೂ ಮೊಲಕ್ಕೆ ಆಗದು. ಬೆಳಗಿನ ಜಾವ ಮೊಲ ಬಾಲದ ಕೆಳಗೆ ಬಾಯಿ ಹಾಕಿ ಮೆತ್ತನೆಯ ಹಿಕ್ಕೆ ತಿನ್ನುವುದನ್ನು ನೋಡಿ ಗಾಬರಿಯಾಗಬೇಡಿ. ಅದು ದನ ಮೆಲುಕು ಹಾಕಿದ ಹಾಗೆ, ತಳ ಎಂಥದೇ ಇದ್ದರೂ ತಿನ್ನುತ್ತದೆ.

ರಾತ್ರಿಯ ಕಳ್ಳರು

ಕಾವಿನಿಂದ ಮೂರು ಹೋದವು ಎಂದೆನಲ್ಲ, ಮುಂದಿನ ಸಂಕ್ರಾಂತಿ ಹೊತ್ತಿಗೆ ಏಳು ಮರಿ ಒಂದೇ ರಾತ್ರಿ ಹೋದವು. ಗೂಡಿಗೆ ಚಿಲಕ ಹಾಕಿದ್ದೆ, ಬಾಗಿಲು ಹಾಗೇ ಇತ್ತು. ಪೆಟ್ಟಿಗೆ ಖಾಲಿ, ರಕ್ತ ಇಲ್ಲ, ಕೂದಲು ಇಲ್ಲ. ಬೆಕ್ಕಾಗಿದ್ದರೆ ಗುರುತು ಇರುತ್ತಿತ್ತು. ಪಕ್ಕದ ಜಾಲರಿಯ ಕಣ್ಣು ಎರಡಿಂಚಿನದು, ಕೇರೆ ಹಾವು ಬಂದು ಹೋಗಲು ಅಷ್ಟು ಸಾಕು. ಅವತ್ತಿನಿಂದ ನೆಲದಿಂದ ಗೂಡಿನ ಮಾಡಿನವರೆಗೂ ಅರ್ಧ ಇಂಚಿನ ಜಾಲರಿ. ಮರಿ ಕಂಡರೆ ಹೆಗ್ಗಣವೂ ಬಿಡುವುದಿಲ್ಲ. ಇನ್ನೊಂದು ಶತ್ರು ನಮಗೆ ಕಣ್ಣಿಗೇ ಬೀಳದಂಥದು, ಇರುವೆ. ಹುಟ್ಟಿದ ಮರಿಯ ಮೈಗೆ ಇರುವೆ ಮುತ್ತಿದರೆ ಬೆಳಗಾಗುವಷ್ಟರಲ್ಲಿ ಮುಗಿಯುತ್ತದೆ. ಗೂಡಿನ ನಾಲ್ಕೂ ಕಾಲನ್ನು ನೀರು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿದ್ದೇವೆ, ಹಿಂದೆ ಮನೆಯಲ್ಲಿ ತುಪ್ಪದ ಗಡಿಗೆ ಕಾಯುತ್ತಿದ್ದ ಹಾಗೆ. ನೀರು ಆರಿದೆಯೋ ನೋಡುವುದು ಮೊಮ್ಮಗಳ ಕೆಲಸ.

ನಾಯಿ ಒಳಗೆ ಬರಬೇಕಾಗಿಲ್ಲ. ಕೆಳಗೆ ಬಂದು ಮೂಸಿದರೂ ಜಾಲರಿಯ ತಳದಿಂದ ಇಳಿದ ಕಾಲನ್ನು ಕಚ್ಚುತ್ತದೆ. ಬರೀ ಬೊಗಳಿದರೂ ಹೆದರಿದ ತಾಯಿ ಪೆಟ್ಟಿಗೆಯೊಳಗೆ ಹಾರಿ ಮರಿ ತುಳಿಯುತ್ತದೆ. ಅದಕ್ಕೇ ಶೆಡ್ಡಿಗೆ ಹೊರಬಾಗಿಲು ಬೇಕು. ಗಣಪತಿ ಕೂರಿಸುವ ಕಡೆ, ಪಟಾಕಿ ಹೊಡೆಯುವ ಕಡೆ, ಟ್ರ್ಯಾಕ್ಟರು ನಿಲ್ಲಿಸುವ ಕಡೆ ಗೂಡು ಬೇಡ. ಹಾಗಂತ ಹೊಲದಲ್ಲಿ ಒಂಟಿಯಾಗಿ ಕಟ್ಟುವುದೂ ಬೇಡ, ರಾತ್ರಿ ಸದ್ದಾದರೆ ನಿಮ್ಮ ಕಿವಿಗೆ ಬೀಳಬೇಕು. ಗೊಬ್ಬರ, ಕ್ರಿಮಿನಾಶಕ ಇಡುವ ಕೋಣೆಯಲ್ಲಂತೂ ಗೂಡು ಇಡಲೇಬಾರದು. ಜಾಗ ಉಳಿಸಲು ಹೀಗೆ ಮಾಡಿದವರನ್ನು ನೋಡಿದ್ದೇನೆ.

ಗೂಡಿನೊಳಗಿನ ಪೆಟ್ಟಿಗೆ

ಮೊಲಕ್ಕೆ ಗಬ್ಬ 30, 31 ದಿನ. ಜೊತೆ ಬಿಟ್ಟ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ 28ನೆಯ ದಿನ ಪೆಟ್ಟಿಗೆ ಇಡಬೇಕು. ಮೊದಲೇ ಇಟ್ಟರೆ ಅದನ್ನೇ ಕಕ್ಕಸು ಮಾಡಿಕೊಳ್ಳುತ್ತದೆ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಮುಂದುಗಡೆ ಮಾತ್ರ ಅರ್ಧ ಅಡಿಗೆ ತಗ್ಗಿಸಬೇಕು. ತಾಯಿ ದಾಟಿ ಬರಬೇಕು, ಮರಿ ದಾಟಿ ಹೋಗಬಾರದು. ನಾಯಿ ಬೆಕ್ಕಿನ ಹಾಗೆ ಮೊಲ ತನ್ನ ಮರಿಯನ್ನು ಬಾಯಲ್ಲಿ ಕಚ್ಚಿ ಒಳಗೆ ತರುವುದಿಲ್ಲ. ಹೊರಗೆ ಬಿದ್ದದ್ದು ಹೊರಗೇ ತಣ್ಣಗಾಗಿ ಸಾಯುತ್ತದೆ. ಗಂಜಲ ಇಂಗಲು ತಳಕ್ಕೆ ನಾಲ್ಕಾರು ತೂತು.

ಒಳಗೆ ಮೆತ್ತನೆಯ ಒಣ ಹುಲ್ಲು, ನಮ್ಮಲ್ಲಿ ಸಾಮೆ ಹುಲ್ಲು ಸಿಕ್ಕರೆ ಅದು. ತೆಂಗಿನ ನಾರು ಮೆತ್ತಗಿದೆ ಅಂತ ಒಂದು ಸಲ ಹಾಕಿದ್ದೆ, ಮರಿಯ ಕಾಲಿಗೆ ಸುತ್ತಿಕೊಂಡು ಕಾಲು ಊದಿತು, ಮತ್ತೆ ಹಾಕಲಿಲ್ಲ. ಉಳಿದದ್ದು ತಾಯಿಯೇ ಮಾಡುತ್ತದೆ, ತನ್ನ ಎದೆಯ ಕೂದಲು ಕಿತ್ತು ಹಾಸುತ್ತದೆ. ಮರಿ ಹಾಕಿದ ಮೇಲೆ ತಾಯಿ ಪೆಟ್ಟಿಗೆಯೊಳಗೆ ಕೂರುವುದಿಲ್ಲ. ದಿನಕ್ಕೆ ಒಂದು ಸಲ, ಹೆಚ್ಚಾಗಿ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಬಂದು ನಾಲ್ಕೈದು ನಿಮಿಷ ಹಾಲು ಕೊಟ್ಟು ಹೋಗುತ್ತದೆ. ಇದು ಗೊತ್ತಿಲ್ಲದೆ ನಾವು ತಾಯಿ ಮರಿ ಬಿಟ್ಟುಬಿಟ್ಟಿದೆ ಅಂತ ಬಾಟಲಿ ಹಾಲು ಕುಡಿಸಲು ಹೋಗಿ ಎರಡು ಮರಿ ಕೊಂದೆವು. ದಿನಕ್ಕೊಂದು ಸಲ ಮೆಲ್ಲಗೆ ಕೂದಲು ಸರಿಸಿ ನೋಡಿ. ಹೊಟ್ಟೆ ದುಂಡಗಿದ್ದರೆ ಹಾಲು ಸಿಕ್ಕಿದೆ. ಸತ್ತದ್ದಿದ್ದರೆ ತೆಗೆಯಿರಿ. ಹತ್ತು ಹನ್ನೆರಡು ದಿನಕ್ಕೆ ಕಣ್ಣು ಬಿಡುತ್ತವೆ, ಮೂರು ವಾರಕ್ಕೆ ತಾವೇ ಹೊರಗೆ ಬರುತ್ತವೆ. ಆಮೇಲೆ ಪೆಟ್ಟಿಗೆ ತೆಗೆದು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಡಬೇಕು. ಜಾಲರಿಗೆ ಅಂಟಿದ ಕೂದಲನ್ನು ಮೊಲಗಳನ್ನು ಹೊರಗೆ ತೆಗೆದು ಬ್ಲೋ ಲ್ಯಾಂಪಿನಲ್ಲಿ ಸುಡುತ್ತೇವೆ, ಅದರ ಜೊತೆಗೆ ಕಜ್ಜಿಯ ಹುಳವೂ ಸುಡುತ್ತದೆ. ಗರಿಯ ಸೂರಿನ ಕೆಳಗೆ ಮಾಡುವಾಗ ಎಚ್ಚರ, ನಾನು ಗೂಡನ್ನೇ ಹೊರಗೆ ಎತ್ತಿ ಸುಡುತ್ತೇನೆ.

ಸದ್ಯ ಐದು ಗೂಡಿನಲ್ಲಿ ನಾಲ್ಕಕ್ಕೆ ಮೊಲ ಇವೆ. ಒಂದು ಖಾಲಿ. ಪಶ್ಚಿಮದ ಗೋಡೆಯ ಪಕ್ಕದ್ದು ಅದು, ಸಂಜೆ ನಾಲ್ಕಕ್ಕೆ ಗೋಡೆ ಕಾದು ಅಲ್ಲಿ ಉಳಿದ ಕಡೆಗಿಂತ ಎರಡು ಡಿಗ್ರಿ ಜಾಸ್ತಿ ತೋರಿಸುತ್ತದೆ. ಗೋಡೆಯ ಆಚೆಗೆ ಎರಡು ಹೊಂಗೆ ಸಸಿ ನೆಟ್ಟಿದ್ದೇನೆ, ಈಗ ಎದೆಯೆತ್ತರ ಆಗಿವೆ. ಅಲ್ಲಿಗೂ ಒಂದು ಬಿಳಿ ಮೊಲ ತರಬೇಕು ಅಂತ ಮೊಮ್ಮಗಳು ದಿನಾ ಕೇಳುತ್ತಾಳೆ. ಹೊಂಗೆ ಸೂರಿನ ಮಟ್ಟ ಮುಟ್ಟಲಿ, ಆಮೇಲೆ ನೋಡೋಣ ಅಂದಿದ್ದೇನೆ. ನೋಡಲು ಬರುವ ರೈತರು ಬೆಳಗಿನ ತಂಪಿನಲ್ಲಿ ಬರಬೇಡಿ, ಬೇಸಿಗೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಬನ್ನಿ. ಥರ್ಮಾಮೀಟರು ಅಲ್ಲೇ ನೇತಾಡುತ್ತಿದೆ.